ತುರ್ಭೆ ನಾಕಾದಲ್ಲಿ ಸುನಂದಾ

ಆ ಶನಿವಾರ ಸುನಂದಾ ಎಂದಿನಂತೆ ರೊಟ್ಟಿ ಬಡಿದಳು. ನಮ್ಮಿಬ್ಬರ ಊಟವಾದ ಮೇಲೆ ಉಳಿದ ರೊಟ್ಟಿ, ಒಂದಿಷ್ಟು ಝುಣಕ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ತುರ್ಭೆಯ ವಸ್ತಿಗೆ ಹೊರಟಿದ್ದಳು. ವಸ್ತಿ ಎಂದರೆ ಇಲ್ಲಿ ಕೂಲಿಕಾರರ ಒತ್ತೊತ್ತು ಮನೆಗಳ ಕೇರಿ.

"ಆ ವಸ್ತಿಯವ್ರು ನಿನ್ನ ಉಪಯೋಗ ಮಾಡ್ಕೊಳ್ಳಾಕತ್ತಾರ, ನೋಡ್," ಎಂದೆ.

"ಮಾಡ್ಕೊಳ್ಳಲಿ ಬಿಡ್ರಿ. ಉಪಯೋಗಕ್ಕ ಬರ್ತೀನಿ ಅಂತಾತಲ್ಲ," ಎಂದು ನಕ್ಕು ಬಾಗಿಲು ಎಳೆದುಕೊಂಡಳು.

ಭಾನುವಾರ ಜ್ವರ ಬಂತು. ಮುಂದಿನ ಭಾನುವಾರಕ್ಕೆ ಅವಳಿರಲಿಲ್ಲ.

ಗದಗಿಗೆ ಒಯ್ದು ಮಣ್ಣು ಮಾಡಿ, ಕಾರ್ಯ ಮುಗಿಸಿ ಮುಂಬಯಿ ಕಡೆಯ ಸಾನಪಾಡಾದ ಮನೆಗೆ ಒಬ್ಬನೇ ಮರಳಿದೆ. ಮರುದಿನ ಕೆಲಸಕ್ಕೆ ಹೋಗುವಾಗ ರಿಕ್ಷಾ ತುರ್ಭೆ ನಾಕಾದಲ್ಲಿ, ಅಂದರೆ ದಾರಿಗಳು ಕೂಡುವಲ್ಲಿ, ನಿಂತಿತು. ತಲೆ ಎತ್ತಿದರೆ ಕಂಬದ ಮೇಲೆ ನನ್ನ ಹೆಂಡತಿ. ಬಾಗಿಲಿನಷ್ಟು ದೊಡ್ಡ ಫ್ಲೆಕ್ಸು. ಯಾವುದೋ ಗುಂಪಿನ ಫೋಟೋದಿಂದ ಕತ್ತರಿಸಿದ ಮುಖ. ಹೆಗಲ ಮೇಲೆ ಇನ್ನೊಬ್ಬರ ಬೆರಳುಗಳು ಹಾಗೇ ಉಳಿದಿದ್ದವು. ಕೆಳಗೆ ಮರಾಠಿಯಲ್ಲಿ 'ಕೈ. ಸುನಂದಾತಾಈ' ಎಂದಿತ್ತು. 'ಕೈ' ಎಂದರೆ ಕೈಲಾಸವಾಸಿ, ತಾಈ ಎಂದರೆ ಅಕ್ಕ. ಅದರ ಕೆಳಗೆ 'ಶೋಕಾಕುಲ' ಎಂದು ಬರೆದು ದುಃಖಪಡುವವರ ಮುಖಗಳನ್ನು ಸಾಲಾಗಿ ಅಚ್ಚು ಹಾಕಿದ್ದರು. ಸಾಲಿನ ಮೊದಲಲ್ಲಿ, ಉಳಿದವರಿಗಿಂತ ದೊಡ್ಡದಾಗಿ, ಬಿಳಿ ಅಂಗಿಯ ಒಬ್ಬ ತರುಣ ಕೈಮುಗಿದು ನಿಂತಿದ್ದ. ನಾನು ಆ ಸಾಲಿನಲ್ಲಿ ಇರಲಿಲ್ಲ.

ನಮ್ಮ ಗದಗದಲ್ಲೂ ಸತ್ತವರ ಫ್ಲೆಕ್ಸು ಹಾಕುತ್ತಾರೆ. ಆದರೆ ಅದನ್ನು ಮನೆಯವರೋ ಗೆಳೆಯರೋ ಹಾಕುತ್ತಾರೆ, ಹಾಕುವ ಮುಂಚೆ ಹೆಸರು ಸರಿಯಿದೆಯೇ ಎಂದು ಮನೆಗೆ ಬಂದು ಕೇಳುತ್ತಾರೆ. ಇಲ್ಲಿ ಗಂಡನಾದ ನನಗೇ ಗೊತ್ತಿಲ್ಲದೆ ನನ್ನ ಹೆಂಡತಿಯನ್ನು ಕಂಬಕ್ಕೆ ಏರಿಸಿದ್ದರು. ನಾನು ಔಷಧ ಕಂಪನಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್. ಸೀಲು ನೋಡದೆ ಪೆಟ್ಟಿಗೆ ಒಳಗೆ ಬಿಡುವವನಲ್ಲ. ಆ ಬಿಳಿ ಅಂಗಿಯವನಿಗೆ ಇವಳ ಸಾವಿನಿಂದ ಏನು ಬೇಕಾಗಿದೆ ಎಂದು ದಿನವಿಡೀ ಅದೇ ಯೋಚನೆ.

ಹುಬ್ಬಳ್ಳಿಯ ಗೋದಾಮು ಮುಚ್ಚಿದಾಗ ಕಂಪನಿ ನನ್ನನ್ನು ಇಲ್ಲಿಗೆ ಕಳಿಸಿತು. ಇಬ್ಬರೂ ಒಂದೇ ಗಾಡಿಯಲ್ಲಿ ಬಂದೆವು, ಆದರೆ ಊರನ್ನು ಕಲಿತವಳು ಅವಳು. ತರಕಾರಿ ಗಾಡಿಯ ಮುಂದೆ ನಿಂತು ಮರಾಠಿ ಕಲಿತಳು. ನಾನು ಅರೆಬರೆ ಹಿಂದಿಯಲ್ಲಿ ದಿನ ತಳ್ಳಿದೆ. ವಸ್ತಿಯ ಹೆಂಗಸರು ಕಟ್ಟಿಕೊಂಡ 'ಶೇಜಾರ್ ಮಂಡಳ'ಕ್ಕೆ ಅವಳು ಅಧ್ಯಕ್ಷೆಯಾದಳು. ಶೇಜಾರ್ ಎಂದರೆ ನೆರೆಹೊರೆ. ನಳದ ನೀರು ಬರದಿದ್ದರೆ, ಗಟಾರ ತುಂಬಿದರೆ, ಯಾರನ್ನಾದರೂ ಆಸ್ಪತ್ರೆಗೆ ಸೇರಿಸಬೇಕಾದರೆ ಇವರು ಒಟ್ಟಾಗಿ ಹೋಗುತ್ತಿದ್ದರು. ಸಂಬಳವಿಲ್ಲದ ಕೆಲಸ. ಅದಕ್ಕೇ ನನಗೆ ಅದರ ಮೇಲೆ ಗುಮಾನಿ.

ಆ ವಾರವೇ ಬಾಡಿಗೆಯ ಏಜೆಂಟ್ ಬಂದ. ಇಲ್ಲಿ ಮನೆ ಕೊಡುವುದು ಹನ್ನೊಂದು ತಿಂಗಳ ಕರಾರಿಗೆ. ಪ್ರತಿ ಸಲವೂ "ಫ್ಯಾಮಿಲಿ ಹೈ ನಾ?" ಎಂದು ಕೇಳುತ್ತಿದ್ದ, ಒಳಗಿನಿಂದ ಸುನಂದಾ ಚಹಾ ತರುತ್ತಿದ್ದಳು. ಈ ಸಲ ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅಂಕಲ್, ಬುರಾ ಮತ್ ಮಾನೋ. ಅಭೀ ಆಪ್ ಬ್ಯಾಚಲರ್ ಮೇ ಆಯೇಗಾ," ಎಂದ. ಇನ್ನು ನಾನು ಬ್ಯಾಚಲರ್ ಲೆಕ್ಕವಂತೆ. ಬ್ಯಾಚಲರ್‌ಗೆ ನಮ್ಮ ಕಟ್ಟಡದಲ್ಲಿ ಮನೆ ಕೊಡುವುದಿಲ್ಲ. ಮಾಲೀಕರ ಜೊತೆ ಮಾತಾಡಿ ನೋಡುತ್ತೇನೆ ಎಂದು ಹೋದ. ಐವತ್ಮೂರನೆಯ ವಯಸ್ಸಿಗೆ ನಾನು ಮತ್ತೆ ಮದುವೆಯಾಗದವನಾಗಿದ್ದೆ. ಗದಗದಲ್ಲಿ ಹೆಂಡತಿ ಸತ್ತವನ ಮನೆಗೆ ಓಣಿಯವರು ತಿಂಗಳುಗಟ್ಟಲೆ ಬುತ್ತಿ ಕಳಿಸುತ್ತಾರೆ.

ಶನಿವಾರ ವಸ್ತಿಗೆ ಹೋದೆ. ಫ್ಲೆಕ್ಸು ಯಾರು ಹಾಕಿಸಿದರು ಎಂದು ಕೇಳಿ, ಇಳಿಸಿಬಿಡಿ ಎಂದು ಹೇಳಿ ಬರುವುದೇ ಉದ್ದೇಶ. ಮಂಡಳದ್ದು ಒಂದೇ ಖೋಲಿ, ಅಂದರೆ ಕೋಣೆ. ಒಳಗೆ ಚಾಪೆಯ ಮೇಲೆ ಹೆಂಗಸರು ಕೂತಿದ್ದರು. ಗೋಡೆಗೆ ಹತ್ತಿ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ ಖಾಲಿ ಇತ್ತು.

"ಯಾ, ಭಾವೋಜಿ," ಎಂದರು ಕಾರ್ಯದರ್ಶಿ ಶೋಭಾತಾಈ. ಮರಾಠಿಯಲ್ಲಿ ಯಾ ಎಂದರೆ ಬನ್ನಿ, ಭಾವೋಜಿ ಎಂದರೆ ಅಕ್ಕನ ಗಂಡ. ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

"ಬರ್ರಿ ಮಾಮಾರ," ಎಂದಳು ಪಕ್ಕದಲ್ಲಿದ್ದ ಮಲ್ಲವ್ವ. ಸಿಂದಗಿ ಕಡೆಯವಳು, ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುತ್ತಾಳೆ.

ನಾನು ಕೂರಲಿಲ್ಲ. "ನಾಕಾದಾಗ ಆ ಫ್ಲೆಕ್ಸು ಯಾರ್ ಹಾಕ್ಸಿದ್ರು? ಆ ಬಿಳಿ ಅಂಗಿಯವ ಯಾರು?"

"ನಾವಾ ಹಾಕ್ಸೇವ್ರಿ. ಅಂವ ನಿತಿನ್‌ಭಾವು. ಇಲೆಕ್ಷನ್ನಿಗೆ ನಿಂದ್ರಾಂವ."

"ಅವನ್ ಮುಖಾ ಯಾಕ್ ಹಾಕಿದ್ರಿ ಮತ್ತ?"

ಮಲ್ಲವ್ವ ನನ್ನನ್ನು ಚಿಕ್ಕ ಹುಡುಗನಂತೆ ನೋಡಿದಳು. "ಬರೇ ಅಕ್ಕಾರ ಮುಖಾ ಹಾಕಿದ್ರ ಪಾಲಿಕಿ ಗಾಡಿ ಬಂದು ಸಂಜಿಕ ಕಿತಗೊಂಡ ಹೋಗ್ತೈತ್ರಿ. ಲೀಡರ್ ಮುಖಾ ಇದ್ರ ಯಾರೂ ಮುಟ್ಟಂಗಿಲ್ಲ. ಅದಕ್ಕ ಅವನ್ನ ಕಾವಲಿಗೆ ಹಚ್ಚೇವಿ."

"ಅವನಿಗೆ ಗೊತ್ತೈತಿ?"

"ಆಮ್ಯಾಲ ಗೊತ್ತಾತ್ರಿ. ನನ್ನ ಫೋಟೋ ತಾಈಗಿಂತ ಸಣ್ಣದಾತು ಅಂತ ಮಾರಿ ಗಂಟ್ ಹಾಕ್ಕೊಂಡಾನ."

ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. "ನಂದ್ಯಾಕ್ ಹಾಕಲಿಲ್ಲ?"

"ನಿಮ್ಮ ಮುಖಾ ಹಾಕಿದ್ರ ಯಾರ್ ಅಂಜತಾರ್ರಿ?"

ಅಷ್ಟರಲ್ಲಿ ನಿತಿನ್‌ಭಾವು ತಾನೇ ಬಂದ. ನಾನು ಬಂದ ಸುದ್ದಿ ಅವನಿಗೆ ಯಾರು ಮುಟ್ಟಿಸಿದರೋ! ನನ್ನ ಕಾಲು ಮುಟ್ಟಿದ. ಮಂಡಳವನ್ನು ಇನ್ನು ತಾನು ನೋಡಿಕೊಳ್ಳುತ್ತೇನೆ, ಖೋಲಿಗೆ ಬಣ್ಣ ಹೊಡೆಸುತ್ತೇನೆ, ಬಾಗಿಲ ಮೇಲೆ ತಾಈ ಹೆಸರು, ಕೆಳಗೆ ಅಧ್ಯಕ್ಷ ಎಂದು ತನ್ನ ಹೆಸರು ಎಂದ. ಹೆಂಗಸರ ನಗು ನಿಂತುಹೋಗಿತ್ತು. ಅವನು ಅಧ್ಯಕ್ಷನಾದರೆ ನೀರಿನ ಮಾತು ಹೋಗಿ ಓಟಿನ ಮಾತು ಬರುತ್ತದೆ ಎಂದು ನನಗೂ ಗೊತ್ತಾಯಿತು.

"ಕಾಕಾ, ತಾಈ ಜಾತೇ ಜಾತೇ ಕುಛ್ ಬೋಲೀ ಕ್ಯಾ? ಮೇರೇ ಬಾರೇ ಮೇ?"

ಅವನಿಗೆ ಬೇಕಾಗಿದ್ದುದು ಅದೇ ಒಂದು ಮಾತು. ಹೋಗುವಾಗ ಹೆಂಡತಿ ಇವನ ಹೆಸರು ಹೇಳಿದಳು ಎಂದು ಗಂಡ ಹೇಳಿದರೆ ಯಾರೂ ಅಡ್ಡ ಬರುವಂತಿಲ್ಲ. ಇನ್ನೊಂದು ಕಡೆ ಹೆಂಗಸರೂ ನನ್ನನ್ನೇ ನೋಡುತ್ತಿದ್ದರು.

"ಕುಛ್ ನಹೀ ಬೋಲೀ," ಎಂದೆ. ಅವಳು ಏನೂ ಹೇಳಿರಲಿಲ್ಲ, ಅದು ನಿಜ. ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವೇ ಇರಲಿಲ್ಲ.

ಮಲ್ಲವ್ವ ಎದ್ದು ಖಾಲಿ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. "ಮಾಮಾರ, ಇದು ಅಕ್ಕಾರ ಕುರ್ಚಿ. ನೀವ್ ಕುಂಡ್ರಿ."

ನಾನು ಕನ್ನಡದಲ್ಲೇ, ನಿತಿನ್‌ಗೆ ತಿಳಿಯದಂತೆ ಕೇಳಿದೆ: "ಅಂವನ್ನ ಫ್ಲೆಕ್ಸಿಗೆ ಹಚ್ಚಿದಂಗ ನನ್ನ ಕುರ್ಚಿಗೆ ಹಚ್ಚಾಕತ್ತೀರೇನು?"

"ಹೌದ್ರಿ. ಮತ್ತ? ಅಕ್ಕಾರ ಗಂಡ ಕುಂತಿದ್ರ, ಆ ಕುರ್ಚಿ ಬಿಡ್ರಿ ಅಂತ ಕೇಳಾಕ ಯಾರಿಗರ ಬಾಯಿ ಬರ್ತೈತೇನ?"

ಇಷ್ಟು ನೇರವಾದ, ಸುಳ್ಳಿಲ್ಲದ ಮಾತನ್ನು ಈ ಊರಿಗೆ ಬಂದ ಮೇಲೆ ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಕೂತೆ. ನಿತಿನ್‌ಭಾವು ಇನ್ನೊಮ್ಮೆ ಕೈಮುಗಿದು, ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ.

ಆಮೇಲೆ ಪ್ರತಿ ಶನಿವಾರ ಹೋಗುತ್ತಿದ್ದೇನೆ. ಕೆಲಸವನ್ನೆಲ್ಲ ಶೋಭಾತಾಈ ನಡೆಸುತ್ತಾರೆ; ನಾನು ಕೂತಿರುತ್ತೇನೆ. ಮರಾಠಿ ಸ್ವಲ್ಪ ಸ್ವಲ್ಪ ಅರ್ಥವಾಗುತ್ತದೆ. ಒಮ್ಮೆ ವಾರ್ಡ್ ಆಫೀಸಿನಲ್ಲಿ ನೀರಿನ ವಿಷಯಕ್ಕೆ ನಾಲ್ಕು ಮಾತು ನಾನೇ ಆಡಿದೆ, ಎದುರಿಗಿದ್ದವರು ಮತ್ತೊಮ್ಮೆ ಹೇಳಿ ಎನ್ನಲಿಲ್ಲ. ಏಜೆಂಟನಿಗೆ ಶೋಭಾತಾಈ ಫೋನು ಮಾಡಿ ಏನೋ ಬೈದರು, ಕರಾರು ಮುಂದುವರಿಯಿತು. ಇದೆಲ್ಲ ನನ್ನ ಮೇಲಿನ ಪ್ರೀತಿಗೋ, ಕುರ್ಚಿ ಖಾಲಿಯಾಗಬಾರದೆಂದೋ, ನನಗೆ ಇನ್ನೂ ಗೊತ್ತಿಲ್ಲ. ಗುಮಾನಿ ಹೋಗಿಲ್ಲ.

ಊರಿನಿಂದ ಅಣ್ಣ ಫೋನು ಮಾಡಿ, "ಅಲ್ಲೇನ್ ಐತೋ ನಿನಗ? ಬಂದ್ ಬಿಡು," ಎನ್ನುತ್ತಾನೆ. ಹೋದರೆ ಅಲ್ಲಿ ನನ್ನನ್ನು ಮುಂಬಯಿಯವ ಎನ್ನುತ್ತಾರೆ. ಇಲ್ಲಿ ನಾನು ಗದಗದ ಭಾವೋಜಿ. ಎರಡು ಕಡೆಯೂ ಹೆಸರಿದೆ, ಎರಡೂ ಪೂರ್ತಿ ನನ್ನವಲ್ಲ.

ಶನಿವಾರ ಸಂಜೆ ವಸ್ತಿಯಿಂದ ಮರಳಿ ಬಾಗಿಲು ತೆರೆಯುತ್ತೇನೆ. ಅಂದು ಯಾರು ಏನೆಂದರು, ನಾನೇನೆಂದೆ, ಎಲ್ಲಿ ತಪ್ಪಿದೆ, ಎಲ್ಲ ಬಾಯಿಯ ತನಕ ಬಂದಿರುತ್ತದೆ. ಮನೆಯಲ್ಲಿ ಅದನ್ನು ಕೇಳುವವರು ಇಲ್ಲ.