ಅನುಸೂಯಾ ಮೇಡಂ ಪಾಸು ಮಾಡಿಸಿದ ಪರೀಕ್ಷೆ

ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂ ಥರ್ಮಲ್ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ ಅನುಸೂಯಾಳ ಕೈಗೆ ಸಿಕ್ಕಿ ಫೇಲಾದ ಮಕ್ಕಳಿಲ್ಲ. ಹದಿನಾಲ್ಕು ವರ್ಷದ ಹಿಂದೆ ರಾಣೆಬೆನ್ನೂರಿನಿಂದ ಮದುವೆಯಾಗಿ ಬಂದಾಗ ಆಕೆಗೆ ತೆಲುಗಿನಲ್ಲಿ ಉಪ್ಪು ಕೇಳಲೂ ಬರುತ್ತಿರಲಿಲ್ಲ. ಗಂಡ ಇಂದುಧರ ಬಾಯ್ಲರ್ ವಿಭಾಗದ ಇಂಜಿನಿಯರ್, ಬಾಯ್ಲರಿನ ಚಿಂತೆಯನ್ನು ಊಟದ ತಟ್ಟೆಯವರೆಗೂ ಹೊತ್ತು ತರುವವನು. ಹೊತ್ತು ಹೋಗದ ಅನುಸೂಯಾ ಪಕ್ಕದ ಮನೆಯ ಕೋಟೇಶ್ವರಮ್ಮನ ಮೊಮ್ಮಗಳಿಗೆ ಭಿನ್ನರಾಶಿ ಹೇಳಿಕೊಟ್ಟಳು. ಆ ಹುಡುಗಿ ಪಾಸಾದಳು. ಮರುವರ್ಷ ವರಾಂಡದಲ್ಲಿ ಹದಿನೈದು ಜೋಡಿ ಚಪ್ಪಲಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಜಾಲಾಡಿ, ಈ ಸಲ ಏನು ಬರುತ್ತದೆಂದು ಲೆಕ್ಕ ಹಾಕಿ, ಅದನ್ನು ಮಕ್ಕಳಿಗೆ ಅರೆದು ಕುಡಿಸುವುದರಲ್ಲಿ ಆಕೆಯದು ಎತ್ತಿದ ಕೈ. ಕೋಚಿಂಗಿಗೇ ಹೆಸರಾದ ವಿಜಯವಾಡದವರೂ ಈಕೆಯ ಮುಂದೆ ಕೂತು ಕಲಿಯಬೇಕು ಎನ್ನುತ್ತಾರೆ ಕೋಟೇಶ್ವರಮ್ಮ. ಅವರ ಮಾತಿನಲ್ಲಿ ಅರ್ಧ ಕಳೆದರೂ ಸಾಕಷ್ಟು ಉಳಿಯುತ್ತದೆ.

ಎಡವಿದ್ದು ಸ್ವಂತ ಮಗಳ ವಿಷಯದಲ್ಲಿ. ನಿಶ್ಚಿತಾಗೆ ಎಂಟು ವರ್ಷ, ಮೂರನೇ ತರಗತಿ. ಬುದ್ಧಿಗೇನೂ ಕೊರತೆಯಿರಲಿಲ್ಲ. ಆದರೆ ಕುಕ್ಕರ್ ಸೀಟಿ ಹೊಡೆದರೆ ಮಂಚದ ಕೆಳಗೆ. ಹೊಸ ಅಂಗಿಯ ಕೊರಳಿನ ಚೀಟಿ ಕತ್ತರಿಸದಿದ್ದರೆ ಒಂದು ಗಂಟೆ ರಂಪ. ಹೋಂವರ್ಕಿಗೆ ಕೂತರೆ ಮೂರು ಸಾಲಿಗೊಮ್ಮೆ ಎದ್ದು ಮನೆಯೆಲ್ಲ ಸುತ್ತು. ಶಾಲೆಯಲ್ಲಿ ಎಲ್ಲರೂ ಒಟ್ಟಾಗಿ ಮಗ್ಗಿ ಹೇಳುವಾಗ ಬೆಂಚಿನ ಕೆಳಗೆ ತೂರಿಕೊಂಡರೆ ಜಪ್ಪಯ್ಯ ಎಂದರೂ ಹೊರಗೆ ಬರುತ್ತಿರಲಿಲ್ಲ. ಎಳೆಯಲು ಹೋದ ಟೀಚರ ಕೈ ಕಚ್ಚಿದ ದಿನ ಹೆಡ್‌ಮಾಸ್ಟರ್ ರಾಮಮೋಹನ್ ಅಪ್ಪ ಅಮ್ಮನನ್ನು ಕರೆಸಿದರು.

"ಇದು ತೊಂದರೆಯೋ ಹಟವೋ, ತಿಳಿದವರಿಂದ ಬರೆಸಿಕೊಂಡು ಬನ್ನಿ" ಎಂದರು ಅವರು ತೆಲುಗಿನಲ್ಲಿ. "ತೊಂದರೆ ಎಂದು ಕಾಗದದಲ್ಲಿದ್ದರೆ ಅದಕ್ಕೆ ತಕ್ಕ ವ್ಯವಸ್ಥೆ ಮಾಡುತ್ತೇನೆ. ಇಲ್ಲದಿದ್ದರೆ ಜೂನಿಗೆ ಬೇರೆ ಶಾಲೆ ನೋಡಿಕೊಳ್ಳಿ ಅಮ್ಮಾ."

ಆಗ ಜನವರಿ. ಅನುಸೂಯಾ ವಿಜಯವಾಡದ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ದಿನ ಗೊತ್ತು ಮಾಡಿದಳು. ಆಟಿಸಂ, ಗಮನ ನಿಲ್ಲದ ಚಡಪಡಿಕೆಯ ಎಡಿಎಚ್‌ಡಿ ಎರಡಕ್ಕೂ ನೋಡುತ್ತೇವೆ, ಮೂರು ವಾರ ಬಿಟ್ಟು ಅಸೆಸ್‌ಮೆಂಟಿಗೆ ಬನ್ನಿ ಎಂದರು. ಮೂರು ವಾರದ ನಂತರ ಪರೀಕ್ಷೆ ಎಂದ ಮೇಲೆ ಅನುಸೂಯಾ ಮೇಡಂ ಸುಮ್ಮನೆ ಕೂರುವುದುಂಟೇ. ಅಂಥದ್ದಕ್ಕೆ ಹೋಗಿ ಬಂದ ತಾಯಂದಿರನ್ನು ಹುಡುಕಿ ಫೋನ್ ಮಾಡಿದಳು, ಮೊಬೈಲಿನಲ್ಲಿ ವಿಡಿಯೋ ನೋಡಿದಳು, ಕೇಳಬಹುದಾದ ನಲವತ್ತು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಳು. ಹೆಸರು ಕರೆದರೆ ಕೂಡಲೇ ತಿರುಗಬೇಕು. ಗೆಳತಿ ಅತ್ತರೆ ಏನು ಮಾಡುತ್ತೀ? ಸಮಾಧಾನ ಮಾಡುತ್ತೇನೆ. ಗೊಂಬೆಯ ಹುಟ್ಟಿದಹಬ್ಬಕ್ಕೆ ಮೊದಲು ಕೇಕ್, ಆಮೇಲೆ ಹಾಡು. ಮಾತಾಡುವಾಗ ಎದುರಿನವರ ಕಣ್ಣು ನೋಡು, ಕಷ್ಟವಾದರೆ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ ಗೋಡೆ ನೋಡು. ನಿಶ್ಚಿತಾ ಎಲ್ಲವನ್ನೂ ಬಾಯಿಪಾಠ ಮಾಡಿದಳು. ಇಷ್ಟು ಬೇಗ ಕಲಿಯುವ ಮಗುವಿಗೆ ತೊಂದರೆ ಎಲ್ಲಿಂದ ಬರಬೇಕು ಎಂದು ಅನುಸೂಯಾ ಹಿಗ್ಗಿದಳು.

ಕ್ಲಿನಿಕ್‌ನಲ್ಲಿ ಮನೆಯವರು ತುಂಬುವ ಫಾರಂ ಕೊಟ್ಟರು. ಶಬ್ದಕ್ಕೆ ಹೆದರುತ್ತಾಳೆಯೇ, ಕೂತಲ್ಲಿಂದ ಪದೇ ಪದೇ ಏಳುತ್ತಾಳೆಯೇ ಎಂದು ಎರಡು ಪುಟ. ಅನುಸೂಯಾ ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿದಳು. ಮಗಳು ಒಂದೂವರೆ ಗಂಟೆಯಲ್ಲಿ ಹೊರಗೆ ಬಂದಳು. ಕಣ್ಣಲ್ಲಿ ಕಣ್ಣಿಟ್ಟು ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂದು ಅಲ್ಲಿನ ಎಳೆಯ ಸೈಕಾಲಜಿಸ್ಟ್ ಹೊಗಳಿದಳು. ವಾರದಲ್ಲಿ ವರದಿ ಬಂತು. ಬೆಳವಣಿಗೆ ವಯಸ್ಸಿಗೆ ತಕ್ಕಂತಿದೆ, ಆಟಿಸಂ ಆಗಲಿ ಎಡಿಎಚ್‌ಡಿ ಆಗಲಿ ಕಂಡುಬಂದಿಲ್ಲ. ಅನುಸೂಯಾ ಅದನ್ನು ರಾಮಮೋಹನರ ಮೇಜಿನ ಮೇಲೆ ರ್‍ಯಾಂಕ್ ಕಾರ್ಡಿನ ಹಾಗೆ ಇಟ್ಟಳು.

ಅವರು ಓದಿ ತಲೆಯಾಡಿಸಿದರು. "ಸಂತೋಷ ಅಮ್ಮಾ. ಹಾಗಾದರೆ ಇದು ಹಟವೇ."

ಇಷ್ಟು ನೇರವಾದ ಲೆಕ್ಕ ಊರ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಡುವವಳಿಗೆ ಹೊಳೆದಿರಲಿಲ್ಲ. ಮನೆಗೆ ಬಂದು ಮಗಳ ಮುಂದೆ ಕೂತಳು. "ಊಟ ಮಾಡ್ತೀಯೇನವ್ವಾ" ಎಂದಳು. ನಿಶ್ಚಿತಾ ಅಮ್ಮನ ಮುಖ ನೋಡಿದಳು. ತುಟಿ ಸಣ್ಣಗೆ ಅಲುಗಿತು, ಒಂದು, ಎರಡು, ಮೂರು. ನೋಟ ಗೋಡೆಗೆ ಹೋಯಿತು. "ಮಾಡ್ತೀನಿ, ಥ್ಯಾಂಕ್ಯೂ" ಎಂದಳು. ಅನುಸೂಯಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಕೆಗೆ ತನ್ನ ಮೇಲೆ ಬಂದಷ್ಟು ಸಿಟ್ಟು ಹೆಡ್‌ಮಾಸ್ಟರ ಮೇಲೂ ಬಂದಿರಲಿಲ್ಲ.

ಅತ್ತದ್ದು ಹತ್ತು ನಿಮಿಷ. ಸಂಜೆ ಇಂದುಧರ ಬರುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು.

"ಮತ್ತೊಮ್ಮಿ ತೋರಸಬೇಕ್ರೀ" ಎಂದಳು.

"ಏನೂ ಇಲ್ಲಂತ ಬರದು ಕೊಟ್ಟಾರ. ಮತ್ಯಾಕ ಕೆದಕ್ತಿ?" ಎಂದ ಇಂದುಧರ. "ಹಣಿಗೆ ಚೀಟಿ ಹಚ್ಚಿಸ್ಕೊಂಡು ಬರಬೇಕೇನ? ನಾಳೆ ಮದುವೀ ಮಾಡೋವಾಗ ಮಂದಿ ಕೇಳೂದಿಲ್ಲೇನು?"

"ಪಾಸಾದಾಕಿ ನಾನ್ರೀ. ಆಕಿನ್ನ ಅಲ್ಲಿ ಯಾರೂ ನೋಡೇ ಇಲ್ಲ. ಮದುವೀ ಆಮ್ಯಾಲ, ಮದಲ ನಾಕನೇ ಕ್ಲಾಸ್ ಮುಟ್ಲಿ."

ಇಂದುಧರ ಟೀವಿಯ ಸದ್ದು ಹೆಚ್ಚಿಸಿದ. ಅನುಸೂಯಾ ಎದ್ದು ಹೋಗಿ ಅದನ್ನು ಆರಿಸಿದಳು.

ವಿಜಯವಾಡದ ಕ್ಲಿನಿಕ್‌ನವರು ಆಗುವುದಿಲ್ಲ ಎಂದರು. ಅವೇ ಪರೀಕ್ಷೆಗಳನ್ನು ಕೂಡಲೇ ಮತ್ತೆ ಕೊಟ್ಟರೆ ಮಗುವಿಗೆ ನೆನಪಿರುತ್ತದೆ, ವರ್ಷ ಕಳೆಯಲಿ ಎಂದರು. ವರ್ಷ ಕಳೆದರೆ ಶಾಲೆಯೂ ಕಳೆಯುತ್ತದೆ. ಚಿಕ್ಕಮ್ಮನ ಮಗಳು ದೀಪಿಕಾ, ಗಂಡ ನೌಕಾಪಡೆಯಲ್ಲಿದ್ದುದರಿಂದ ವಿಶಾಖಪಟ್ಟಣದಲ್ಲಿದ್ದಳು. ಅವಳು ವಿಚಾರಿಸಿ ಉಮಾದೇವಿ ಎಂಬ ಹಿರಿಯ ಸೈಕಾಲಜಿಸ್ಟರ ಹೆಸರು ಹೇಳಿದಳು. ಅವರ ಬಳಿ ಜುಲೈವರೆಗೆ ಜಾಗವಿರಲಿಲ್ಲ. ಅನುಸೂಯಾ ಕೈ ತೊಳೆದುಕೊಂಡು ಬೆನ್ನು ಹತ್ತಿದಳು. ದಿನಾ ಬೆಳಿಗ್ಗೆ ಹತ್ತಕ್ಕೆ ಫೋನ್: ಇವತ್ತು ಯಾರಾದರೂ ತಪ್ಪಿಸಿಕೊಂಡರಾ? ಹತ್ತೊಂಬತ್ತನೆಯ ದಿನ ರಿಸೆಪ್ಷನ್ ಹುಡುಗಿಯೇ ಒಂಬತ್ತೂವರೆಗೆ ಫೋನ್ ಮಾಡಿ, ಏಪ್ರಿಲ್ ಎರಡನೇ ವಾರ ಎರಡು ದಿನ ಖಾಲಿಯಾಗಿದೆ, ಬಂದುಬಿಡಿ ಮೇಡಂ ಎಂದಳು.

ಬೆಳಗಿನ ರೈಲಿಗೆ ಇಂದುಧರನೂ ಬಂದ. ರಜೆ ಇತ್ತು ಎಂದ. ಇರಲಿಲ್ಲ.

ಉಮಾದೇವಿಯವರ ಕೋಣೆಯಲ್ಲಿ ಕೂತ ಕೂಡಲೇ ಅನುಸೂಯಾ ನಲವತ್ತು ಪ್ರಶ್ನೆಯ ನೋಟ್‌ಬುಕ್ ತೆಗೆದು ಅವರ ಮುಂದಿಟ್ಟಳು. ರಾಣೆಬೆನ್ನೂರಿನ ಎಳೆತವಿದ್ದ ತನ್ನ ತೆಲುಗಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡಳು, ಫಾರಂನಲ್ಲಿ ಹೇಳಿದ ಸುಳ್ಳನ್ನೂ ಸೇರಿಸಿ. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಉಮಾದೇವಿ ನೋಟ್‌ಬುಕ್ಕನ್ನು ಕೊನೆಯವರೆಗೂ ಓದಿದರು.

"ನೀವು ನನಗಿಂತ ಚೆನ್ನಾಗಿ ಪ್ರಶ್ನೆಪತ್ರಿಕೆ ತೆಗೆಯುತ್ತೀರಿ" ಎಂದರು. "ಇದರಲ್ಲಿರುವುದನ್ನು ನಾನು ಕೇಳುವುದಿಲ್ಲ. ಶಾಲೆಯ ಟೀಚರ ಹತ್ತಿರ ಬರೆಸಿ ತನ್ನಿ, ಚಿಕ್ಕಂದಿನ ವಿಡಿಯೋ ಎಷ್ಟಿದ್ದರೆ ಅಷ್ಟು ಕೊಡಿ. ನೀವು ಆ ಮೂಲೆಯಲ್ಲಿ ಕೂತಿರಬಹುದು. ಆದರೆ ಮಾತಿಲ್ಲ, ಕಣ್ಣಸನ್ನೆ ಇಲ್ಲ."

ಟೀಚರ ಪತ್ರ ಅನುಸೂಯಾಳ ಚೀಲದಲ್ಲೇ ಇತ್ತು. ಬಾಯಿ ಮುಚ್ಚಿ ಕೂರುವುದು ಮಾತ್ರ ಆಕೆಗೆ ಅಭ್ಯಾಸವಿಲ್ಲದ ವಿದ್ಯೆ. ಮಗಳು ಚಿತ್ರಗಳನ್ನು ತಪ್ಪಾಗಿ ಜೋಡಿಸಿದಳು, ಕೇಳದ ಪ್ರಶ್ನೆಗೆ ಕಲಿಸಿದ ಉತ್ತರ ಹೇಳಿದಳು, ಅರ್ಧದಲ್ಲಿ ಎದ್ದು ಹೋಗಿ ಕಪಾಟಿನ ಬಾಗಿಲನ್ನು ಇಪ್ಪತ್ತು ಸಲ ತೆಗೆದು ಹಾಕಿದಳು. ಅನುಸೂಯಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ತನ್ನ ಹುಡುಗಿ ಹೀಗೆ ಕಣ್ಣೆದುರೇ ಎಡವುವುದನ್ನು ನೋಡುತ್ತಾ ಕೂರುವುದು ಹೆರಿಗೆಗಿಂತ ಕಷ್ಟವಾಗಿತ್ತು ಎಂದು ಆಮೇಲೆ ದೀಪಿಕಾಗೆ ಹೇಳಿದಳಂತೆ.

ಎರಡನೆಯ ದಿನ ಉಮಾದೇವಿ ನೆಲದ ಮೇಲೆ ಕೂತು, ನಿಶ್ಚಿತಾ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಇಡುವಾಗ ತಾವೂ ಇಡುತ್ತಾ, ಅವಳ ಮುಖ ನೋಡದೆ ಕೇಳಿದರು. "ಎಲ್ಲರೂ ಮಗ್ಗಿ ಹೇಳುವಾಗ ಬೆಂಚಿನ ಕೆಳಗೆ ಹೋಗುತ್ತೀಯಂತೆ. ಅಲ್ಲಿ ಹೇಗಿರುತ್ತದೆ?"

ನೋಟ್‌ಬುಕ್ಕಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಿಶ್ಚಿತಾ ಅಮ್ಮನ ಕಡೆ ತಿರುಗಿದಳು. ಅನುಸೂಯಾ ತಲೆ ತಗ್ಗಿಸಿದಳು. ಉಮಾದೇವಿ ಇನ್ನೊಂದು ಮುಚ್ಚಳ ಇಟ್ಟರು. ಆಮೇಲೆ ನಿಶ್ಚಿತಾ ಮುಚ್ಚಳಗಳಿಗೆ ಹೇಳುವಂತೆ, ಮನೆಯ ಕನ್ನಡದಲ್ಲಿ ಹೇಳಿದಳು. "ಎಲ್ಲಾರೂ ಒಮ್ಮೆಲೆ ಕೂಗಿದ್ರ ಕಿವಿಯೊಳಗ ಉರಿ ಹತ್ತತೈತಿ. ಕೆಳಗ ಹೋದ್ರ ಸ್ವಲ್ಪ ತಣ್ಣಗಿರತೈತಿ."

ಉಮಾದೇವಿಗೆ ಕನ್ನಡ ಬಾರದು. "ಏನೆಂದಳು?" ಎಂದು ಮೂಲೆಯ ಕಡೆ ನೋಡಿದರು.

ಎರಡು ದಿನದಲ್ಲಿ ಆಕೆಗೆ ಬಾಯಿ ತೆರೆಯಲು ಸಿಕ್ಕ ಅಪ್ಪಣೆ ಇದೊಂದೇ. ಅನುಸೂಯಾ ತೆಲುಗಿನಲ್ಲಿ ಹೇಳಹೊರಟಳು, ಉರಿ ಎಂಬಲ್ಲಿ ನಿಂತಳು, ಮತ್ತೆ ಮೊದಲಿನಿಂದ ಹೇಳಿದಳು. ಮೂರು ವಾರ ನಲವತ್ತು ಪ್ರಶ್ನೆಗಳನ್ನು ಅರೆದು ಕುಡಿಸಿದವಳು ಈ ಒಂದು ಪ್ರಶ್ನೆಯನ್ನು ಎಂಟು ವರ್ಷದಲ್ಲಿ ಮಗಳಿಗೆ ಕೇಳಿರಲಿಲ್ಲ.

ಮೇ ತಿಂಗಳಲ್ಲಿ ವರದಿ ಬಂತು, ಹನ್ನೊಂದು ಪುಟ. ಆಟಿಸಂ ಇದೆ, ಎಡಿಎಚ್‌ಡಿ ಕೂಡ ಇದೆ, ಏನೇನು ಮಾಡಿದರೆ ಮಗುವಿಗೆ ಸಲೀಸಾಗುತ್ತದೆ ಎಂದೂ ಇದೆ. ಮೊದಲ ಪುಟದಲ್ಲಿ ಉಮಾದೇವಿ ನಿಶ್ಚಿತಾಳ ಮಾತನ್ನು ಅನುಸೂಯಾ ತೆಲುಗಿನಲ್ಲಿ ಹೇಳಿದ ಹಾಗೆಯೇ ಬರೆದಿದ್ದರು. ಇಂದುಧರ ಅದನ್ನು ಎರಡು ಸಲ ಓದಿದ. ಮದುವೆಯ ಮಾತು ಎತ್ತಲಿಲ್ಲ. "ಪ್ಲಾಂಟಿನ್ಯಾಗ ಸ್ಟೀಮ್ ಬಿಟ್ಟಾಗ ನಾವು ಕಿವಿಗೆ ಇಯರ್‌ಮಫ್ ಹಾಕ್ಕೋತೀವಲ್ಲ" ಎಂದ ಕೊನೆಗೆ. "ಅಂಥಾದ್ದು ಹುಡುಗರ ಅಳತೀಗೂ ಸಿಗತೈತಿ. ನಾ ತರ್ತೀನಿ." ನಾಲ್ಕನೇ ದಿನ ಹಸಿರು ಬಣ್ಣದ್ದೊಂದು ಬಂತು. ಕುಕ್ಕರ್ ಮೂರು ಸೀಟಿ ಹೊಡೆಯುವಾಗ ನಿಶ್ಚಿತಾ ಅದನ್ನು ಹಾಕಿಕೊಂಡು ಮಂಚದ ಮೇಲೆಯೇ ಕೂತಿದ್ದಳು.

ಜೂನ್ ಮೊದಲ ವಾರ ರಾಮಮೋಹನ್ ವರದಿಯನ್ನು ಕೈಗೆತ್ತಿಕೊಂಡು ಸೀದಾ ಕೊನೆಯ ಪುಟ ತೆಗೆದರು.

"ಮೊದಲ ಪುಟದಿಂದ ಓದಿ ಸರ್" ಎಂದಳು ಅನುಸೂಯಾ.

ಅವರು ಓದಿದರು. "ಒಟ್ಟಾಗಿ ಮಗ್ಗಿ ಹೇಳಿಸುವ ಪದ್ಧತಿ ತಂದವನು ನಾನೇ ಅಮ್ಮಾ. ಒಂದು ಮಗುವಿಗಾಗಿ ನಿಲ್ಲಿಸಲಾರೆ."

"ನಿಲ್ಲಿಸಬೇಡಿ. ಮಗ್ಗಿ ಹೇಳುವ ಹದಿನೈದು ನಿಮಿಷ ಅವಳು ವರಾಂಡದಲ್ಲಿ ಕೂತು ಬರೆಯಲಿ. ಗದ್ದಲವಾದಾಗ ಈ ಹಸಿರು ಇಯರ್‌ಮಫ್ ಹಾಕಿಕೊಳ್ಳಲಿ. ಯಾರೂ ಎಳೆಯಬಾರದು. ಇಷ್ಟನ್ನು ಬರೆದು ಕೊಡಿ."

"ಬರೆದೇ ಕೊಡಬೇಕೇ?"

"ನೀವೂ ನನ್ನಿಂದ ಕಾಗದವನ್ನೇ ಕೇಳಿದಿರಿ ಸರ್."

ರಾಮಮೋಹನ್ ಶಾಲೆಯ ಕಾಗದ ತೆಗೆದು ಬರೆದರು, ಸಹಿ ಮಾಡಿದರು, ಸೀಲೂ ಒತ್ತಿದರು. ಅನುಸೂಯಾ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಮೇಲೆ ಕಾಗದವನ್ನು ಅವರ ಕಡೆಗೇ ತಿರುಗಿಸಿ, ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇಲ್ಲಿ 'ಪ್ರತಿದಿನ' ಅನ್ನುವುದು ಬಿಟ್ಟುಹೋಗಿದೆ ಸರ್" ಎಂದಳು, ಅವರು ಪೆನ್ನು ಎತ್ತಿಕೊಳ್ಳುವವರೆಗೂ ಬೆರಳು ತೆಗೆಯಲಿಲ್ಲ.