ಬೊಮ್ಮಯ್ಯ ಮಾವನ ಬೆಸುಗೆ ಸುಳ್ಳು ಹೇಳುವುದಿಲ್ಲ

ನನ್ನ ಸೋದರಮಾವ ಬೊಮ್ಮಯ್ಯನ ಮೂಗಿನ ತುದಿಯಲ್ಲಿ ಹುರುಳಿಕಾಳಿನಷ್ಟು ಕಪ್ಪು ಕಲೆಯಿತ್ತು. ಹೊಸಬರು ಅದನ್ನು ಹುಟ್ಟುಮಚ್ಚೆ ಎಂದುಕೊಳ್ಳುತ್ತಿದ್ದರು. ನಿಜಕ್ಕೂ ಅದು ಕಾದ ಟ್ರಾನ್ಸಿಸ್ಟರ್ ತಗುಲಿ ಆದ ಸುಟ್ಟ ಗಾಯ. ಕೆಟ್ಟ ಎಲೆಕ್ಟ್ರಾನಿಕ್ ಬೋರ್ಡನ್ನು ಲೋಕದವರೆಲ್ಲ ಮೀಟರ್ ಇಟ್ಟು ಪರೀಕ್ಷಿಸಿದರೆ, ಮಾವ ಮೂಸಿ ನೋಡುತ್ತಿದ್ದ. ಬೋಡಿನಾಯಕನೂರಿನಲ್ಲಿ ಅವನದು ಏಲಕ್ಕಿ ವ್ಯಾಪಾರ. ಅಂಗೈಯಲ್ಲಿ ನಾಲ್ಕು ಕಾಯಿ ಉಜ್ಜಿ ಮೂಗಿಗೆ ಹಿಡಿದರೆ ಮಾಲು ಹೇಗಿದೆ ಎಂದು ಹೇಳುತ್ತಿದ್ದ. ಅದೇ ವಿದ್ಯೆ ಬೋರ್ಡಿಗೂ ಸಾಕು ಎಂಬುದು ಅವನ ಗಟ್ಟಿ ನಂಬಿಕೆ. ಬೋರ್ಡುಗಳು ಮಾತ್ರ ಆ ನಂಬಿಕೆಗೆ ಯಾವತ್ತೂ ಸಹಕರಿಸಲಿಲ್ಲ.

ನಮ್ಮದು ಎಷ್ಟೋ ತಲೆಮಾರಿನ ಹಿಂದೆ ತಮಿಳು ಸೀಮೆಯ ಈ ಕಡೆಗೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ. ಮನೆಯೊಳಗಿನ ಕನ್ನಡ ಈಗ ಅರ್ಧಕ್ಕರ್ಧ ತಮಿಳಾಗಿದೆ; ಮಾವನ ಬೈಗುಳ ಒಂದೇ ಕಲಬೆರಕೆಯಿಲ್ಲದೆ ಉಳಿದದ್ದು. ಏಲಕ್ಕಿ ಗೋದಾಮಿನ ಹಿಂಬದಿಯಲ್ಲಿ ಒಂದು ಮೇಜು ಹಾಕಿಕೊಂಡು, ಬಿಡುವಾದಾಗಲೆಲ್ಲ ತೂತುತೂತಿನ ಹಲಗೆಯ ಮೇಲೆ ತಾನೇ ಬೆಸುಗೆ ಹಾಕಿ ಏನಾದರೊಂದು ಮಾಡುತ್ತಿದ್ದ. ಅವನ ಬೆಸುಗೆ ಎಂದರೆ ಇಡ್ಲಿ. ಒಂದೊಂದೂ ದಪ್ಪಗೆ ಉಬ್ಬಿ ಪಕ್ಕದ್ದಕ್ಕೆ ಒರಗಿಕೊಂಡಿರುತ್ತಿತ್ತು. ನಾನು ದಿಂಡಿಗಲ್ಲಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳು. ಇಷ್ಟು ತವರ ಬೇಡ ಮಾವ ಎಂದರೆ, "ಕಂಜೂಸುತನ ಕಲ್ಸಾಕ ನಿಂಗೆ ಸಂಬಳ ಕೊಡ್ತಾರಾ?" ಎನ್ನುತ್ತಿದ್ದ.

ಏನೇ ಕೆಟ್ಟರೂ ಮಾವನ ತನಿಖೆ ಮನುಷ್ಯರಿಂದ ಆರಂಭ. "ಮೊದ್ಲು ಆಳ ಪಾರು, ಆಮೇಲೆ ಬೋರ್ಡ ಪಾರು. ಮನ್ಸ ಪೊಯ್ ಯೋಳ್ತಾನೆ, ಬೆಸುಗೆ ಪೊಯ್ ಯೋಳಾಕಿಲ್ಲ." ಪಾರು ಎಂದರೆ ನೋಡು, ಪೊಯ್ ಎಂದರೆ ಸುಳ್ಳು. ಒಮ್ಮೆ ಪಿಳ್ಳೈಯಾರ್ ಚೌತಿಗೆ ಗಣಪತಿ ವಿಗ್ರಹದ ಹಿಂದೆ ಓಡುವ ದೀಪಗಳ ಚಕ್ರ ಮಾಡಿ ನಿಲ್ಲಿಸಿದ. ಬೀದಿಯವರೆಲ್ಲ ಸೇರಿದ ಮೇಲೆ ಗುಂಡಿ ಒತ್ತಿದರೆ ಒಂದು ದೀಪವೂ ಮಿಣುಕಲಿಲ್ಲ. ಮಾವ ಪೂಜಾರಿಯನ್ನು ಅನುಮಾನಿಸಿದ, ಆಮೇಲೆ ಇಲಿಯನ್ನು, ಆಮೇಲೆ ವಿಗ್ರಹದ ಕೆಳಗಿದ್ದ ಮಣ್ಣಿನ ಇಲಿಯನ್ನೂ ಎತ್ತಿ ನೋಡಿದ. ಡಯೋಡನ್ನು ಹಿಂದುಮುಂದಾಗಿ ಕೂರಿಸಿದ್ದಾನೆಂದು ನಾನು ತೋರಿಸಿದಾಗ ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟ: "ಡಯೋಡು ನೇರಾಗೇ ಅದೆ. ಮಿಕ್ಕದ್ದೆಲ್ಲ ತಿರುಗ್ಕಂಡದೆ."

ಈ ಸ್ವಭಾವ ನಗೆಯ ವಿಷಯವಾಗಿ ಉಳಿದದ್ದು ಮಲ್ಲಮ್ಮತ್ತೆಯ ಮಂಡಿ ಆಪರೇಷನ್ ಆಗುವವರೆಗೆ ಮಾತ್ರ. ಮಾವನ ಹೆಂಡತಿ ಅತ್ತೆ, ಸುಳ್ಳಾಡದವಳು. ಊರಿನಲ್ಲಿ ಇಬ್ಬರಿಗೆ ಜಗಳವಾದರೆ ಸಾಕ್ಷಿಗೆ ಅವಳನ್ನು ಕರೆಯುತ್ತಿದ್ದರು. ಆಪರೇಷನ್ ಆದ ಮೇಲೆ ನಡುಮನೆಯ ಮಂಚ ಹಿಡಿದಳು. ಮಾವ ಹಿಂದಿನ ಗೋದಾಮಿನಲ್ಲಿರುತ್ತಿದ್ದ, ಕೂಗಿದರೆ ಕೇಳುತ್ತಿರಲಿಲ್ಲ. ಮಾವ ಅತ್ತೆಗಾಗಿ ಒಂದು ಕರೆಗಂಟೆ ಮಾಡಿದ. ಅವಳ ಮಂಚದ ಬಳಿ ಸ್ವಿಚ್ಚು, ಗೋದಾಮಿನ ಮೇಜಿನ ಮೇಲೆ ಬೋರ್ಡು ಮತ್ತು ಪೀಪಿ. ಅವನು ಮಾಡಿದ್ದರಲ್ಲಿ ಮೊದಲ ಸಲಕ್ಕೇ ಕೆಲಸ ಮಾಡಿದ್ದು ಅದೊಂದೇ. ಅತ್ತೆ ಒತ್ತುವುದು, ಇವನು ಪಂಚೆ ಎತ್ತಿ ಕಟ್ಟಿ ಓಡುವುದು ಸೊಗಸಾಗಿ ನಡೆದಿತ್ತು.

ಆಯುಧಪೂಜೆ ಕಳೆದ ಮೇಲೆ ಗಂಟೆಗೆ ಹುಚ್ಚು ಹಿಡಿಯಿತು. ಹಗಲೆಲ್ಲ ತೆಪ್ಪಗಿರುತ್ತಿದ್ದದ್ದು, ಸಂಜೆ ಮಲೆಯಿಂದ ಮೋಡ ಇಳಿದದ್ದೇ ತಡ ಬಡಿದುಕೊಳ್ಳುತ್ತಿತ್ತು. ಮಾವ ಓಡಿ ಬಂದರೆ ಅತ್ತೆ, "ನಾ ಒತ್ತಲೇ ಇಲ್ಲ" ಎನ್ನುವಳು. ಮತ್ತೆ ಬಡಿತ, ಮತ್ತೆ ಓಟ. ಕೊನೆಗೊಂದು ಸಂಜೆ, ಹಾಲಿನವಳ ಎದುರಿಗೇ, ಮಾವ ಅಂದುಬಿಟ್ಟ: "ಬೆಸುಗೆ ಪೊಯ್ ಯೋಳಾಕಿಲ್ಲ. ನೀನೇ ಪೊಯ್ಗಾರಿ."

ಮರುದಿನ ಬೆಳಿಗ್ಗೆ ಅತ್ತೆ ನನಗೆ ಫೋನು ಮಾಡಿದಳು. "ನಲವತ್ತೊರ್ಸ ಸಂಸಾರ ಮಾಡಿ ಈವತ್ತು ಪೊಯ್ಗಾರಿ ಆದೆ ಕಣಮ್ಮಾ. ನೀ ಬಂದು ಅವನ ಪೆಟ್ಟಿ ಪಾರು. ಇಲ್ಲಾಂದ್ರೆ ನಾ ಪೆರಿಯಕುಳದಾಗಿರೋ ನಮ್ಮಕ್ಕನ ಮನೆಗೆ ಹೋಗ್ತಿನಿ. ತಿರುಗಿ ಬರಾಕಿಲ್ಲ."

ನಾನು ಬಸ್ಸು ಹತ್ತಿ ತೇಣಿ ದಾಟಿ ಬೋಡಿ ಸೇರುವಾಗ ಮೋಡ ಇಳಿಯುತ್ತಿತ್ತು. ಅತ್ತೆಯ ಚೀಲ ಬಾಗಿಲಲ್ಲೇ ಇತ್ತು. ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಗೋದಾಮಿಗೇ ಕರೆತಂದೆ. ಎರಡೂ ಕೈ ಮೇಜಿನ ಮೇಲಿಡಿಸಿದೆ. ಗಂಟೆ ಬಡಿಯಿತು.

"ಕಾಲಲ್ಲಿ ಒತ್ತಿರ್ತಾಳೆ," ಎಂದ ಮಾವ.

"ಈ ಮಂಡಿ ಇಟ್ಕಂಡು? ನಡುಮನೇಲಿರೋ ಸ್ವಿಚ್ಚ?" ಎಂದಳು ಅತ್ತೆ.

ನಾನು ಸ್ವಿಚ್ಚಿನಿಂದ ಬರುವ ತಂತಿಯನ್ನೇ ಬೋರ್ಡಿನಿಂದ ಕಿತ್ತೆ. ಗಂಟೆ ಆಗಲೂ ಬಡಿಯಿತು. ಅಲ್ಲಿಗೆ ಅತ್ತೆಯ ಪಾಲಿನ ವಿಚಾರಣೆ ಮುಗಿಯಿತು. ಸ್ವಿಚ್ಚೇ ಇಲ್ಲದ ಮೇಲೆ ಅವಳು ಒತ್ತುವುದೇನನ್ನು? ತಪ್ಪು ಬೋರ್ಡಿನೊಳಗೇ ಇದೆ ಎಂದೆ. ಮಾವನ ಮುಖ ಕೆಂಪಾಯಿತು. ಬೋರ್ಡನ್ನು ಕಸಿದುಕೊಂಡು ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದ. ಕಣ್ಣು ಅರಳಿತು.

"ಪಾರು! ಸುಟ್ಟ ವಾಸನೆ ಏನೂ ಇಲ್ಲ. ಸಂದನದ ವಾಸನೆ ಬತ್ತದೆ, ಕೋವಿಲ್ನಾಗೆ ಬಂದಂಗೆ!"

ಗಂಧದ ವಾಸನೆ ಬೋರ್ಡಿಗೆ ಎಲ್ಲಿಂದ ಬಂತು ಎಂದು ತಿರುಗಿಸಿ ನೋಡಿದೆ. ಹಿಂಬದಿಯ ಇಡ್ಲಿಗಳ ನಡುವೆ ಅರಿಶಿನ ಬೆರೆಸಿದ ಗಂಧ ಮೆತ್ತಿತ್ತು, ಅದರ ಮೇಲೆ ಕುಂಕುಮ. ಆಯುಧಪೂಜೆಯ ದಿನ ತಕ್ಕಡಿಗೆ, ಜರಡಿಗೆ, ಬೆಸುಗೆ ಕಡ್ಡಿಗೆ ಒಂದೊಂದು ಬೊಟ್ಟಿಟ್ಟ ಮಾವನಿಗೆ, ಈ ಮುದ್ದಿನ ಬೋರ್ಡಿಗೆ ಒಂದೇ ಬೊಟ್ಟು ಸಾಲದು ಅನ್ನಿಸಿದೆ.

"ಹಿಂದುಗಡೆ ಯಾಕೆ ಮಾವ ಹಚ್ಚಿದೆ?"

"ಮುಂದೆ ಬರೀ ಅಲಂಕಾರ ಕಣಮ್ಮಾ. ಉಳೈಪ್ಪೆಲ್ಲ, ದುಡಿಮೆಯೆಲ್ಲ ಹಿಂದುಗಡೆ ತಾನೆ? ಪಾಡುಪಡೋರಿಗೆ ಬ್ಯಾಡವಾ ಪೂಜೆ?"

ಬಿಸಿಲಿಗೆ ತಗಡಿನ ಸೂರು ಕಾದಾಗ ಗಂಧ ಒಣಗಿ ಸುಮ್ಮನಿರುತ್ತದೆ. ಸಂಜೆಯ ತಂಪಿಗೆ ತೇವ ಹೀರಿದರೆ ಅದರೊಳಗೇ ಚೂರು ಕರೆಂಟು ಹರಿದು, ಯಾರೋ ಸ್ವಿಚ್ಚು ಒತ್ತಿದರೆಂದು ಬೋರ್ಡು ತಿಳಿಯುತ್ತದೆ. ನಾನು ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜತೊಡಗಿದೆ. "ಮೆಲ್ಲಗಮ್ಮಾ, ಪೂಜೆ ಮಾಡಿದ್ದು," ಎಂದು ಮಾವ ಬೋರ್ಡಿನ ಪರವಾಗಿ ನರಳಿದ. ಒರೆಸಿ ಒಣಗಿಸಿದ ಮೇಲೆ ಮೂವರೂ ಅದನ್ನೇ ನೋಡುತ್ತ ಕೂತೆವು. ಗಂಟೆ ಉಸಿರೆತ್ತಲಿಲ್ಲ.

"ಈಗ ಯೋಳು," ಎಂದಳು ಅತ್ತೆ. "ಯಾರು ಪೊಯ್ ಯೋಳಿದ್ದು?"

ಮಾವ ಮೇಜು ನೋಡಿದ, ನನ್ನನ್ನು ನೋಡಿದ. "ಸಂದನ," ಎಂದ.

"ನನ್ ಚೀಲ ತಕ್ಕಾರಮ್ಮಾ."

ನಾನು ನಿಜಕ್ಕೂ ಎದ್ದೆ. ನನಗೂ ಸಿಟ್ಟು ಬಂದಿತ್ತು. ಆಗ ಮಾವ ಅಡ್ಡ ಬಂದು, ಬಾಗಿಲಿಗೆ ಕೈಯಿಟ್ಟು, ಜೀವನದಲ್ಲಿ ಮೊದಲ ಬಾರಿಗೆ ತನ್ನ ಬೆಸುಗೆಯನ್ನು ಬಿಟ್ಟುಕೊಟ್ಟ. "ನಾ ಮಾಡಿದ್ದು ತಪ್ಪು ಕಣೆ. ಬೋರ್ಡ ನಂಬಿ ನಿನ್ನ ನಂಬ್ಲಿಲ್ಲ. ಆ ಹಾಲಿನವಳ್ನೂ ಕರಿ, ಅವಳ ಎದ್ರಿಗೂ ಯೋಳ್ತಿನಿ."

ಮರುದಿನ ಹೇಳಿದನಂತೆ ಕೂಡ. ಆದರೆ ಜೊತೆಗೆ, ದೋಷ ಸಿಕ್ಕಿದ್ದು ತನ್ನ ಮೂಗಿನಿಂದಲೇ ಎಂಬುದನ್ನೂ ಹಾಲಿನವಳಿಗೆ ಒತ್ತಿ ಹೇಳಿದನಂತೆ.

ಮಾವ ತೀರಿಕೊಂಡು ವರ್ಷವಾಗುತ್ತ ಬಂತು. ಕೊನೆಯ ಸಲ ನೋಡಲು ಹೋದಾಗ ಮಂಚ ಅವನದಾಗಿತ್ತು. ಎದೆಯ ತೊಂದರೆ, ಎದ್ದು ಓಡಾಡುವಂತಿರಲಿಲ್ಲ. ಅತ್ತೆಯ ಮಂಡಿ ವಾಸಿಯಾಗಿತ್ತು. ಸ್ವಿಚ್ಚು ಮಾವನ ಕೈಗೆ ಬಂದಿತ್ತು, ಪೀಪಿ ಅಡುಗೆಮನೆಗೆ ಹೋಗಿತ್ತು. ನಾವು ಮಾತಾಡುತ್ತಿದ್ದಂತೆ ಒಳಗೆ ಪೀಪಿ ಕೂಗಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಏನು ಬೇಕು ಎಂದಳು.

"ನಾ ಒತ್ತಲೇ ಇಲ್ಲ," ಎಂದ ಮಾವ. ಹೆಬ್ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

ನಾನು ನೋಡಿದೆ. ಅತ್ತೆಯೂ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ನಂಬಿದೆ," ಎಂದಳು. "ತಸಿ ಅತ್ಲಾಗೆ ಸರ್ಕೊ, ಕೂತ್ಕಂತಿನಿ."