ನಲವತ್ತೇಳನೇ ಹಾಳೆ

ಮಿರ್ಚಿಯ ಎಣ್ಣೆ ಕಾಗದಕ್ಕೆ ಇಳಿಯುವ ಮೊದಲೇ ತಿಂದು ಮುಗಿಸಬೇಕೆಂಬುದು ದಾವಣಗೆರೆಯವರ ಅಲಿಖಿತ ನಿಯಮ. ನೀವು ಈ ಊರಿಗೆ ಬಂದವರಾದರೆ ನಿಮಗೂ ಗೊತ್ತಿರುತ್ತದೆ. ಮೊನ್ನೆ ಸಂಜೆ ನಾನು ಅದನ್ನು ಮುರಿದೆ. ಮಲ್ಲಣ್ಣನ ಅಂಗಡಿಯ ಮುಂದೆ ನಿಂತು ಮಂಡಕ್ಕಿ ಮುಕ್ಕುತ್ತಿದ್ದಾಗ, ಪೊಟ್ಟಣದ ಮಡಿಕೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ತೋಳು ಕಂಡಿತು. ಬಿಡಿಸಿದರೆ, ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸು. ಮೂಲೆಯಲ್ಲಿ ೪೭ ಎಂಬ ಅಂಕಿ. ಕೆಳಗೆ ಎರಡು ದುಂಡನೆಯ ತೂತು.

ಆ ತೂತುಗಳ ಗುರುತು ನನಗಿತ್ತು. ಅವು ಖಾದರ್ ಸಾಬರವು. ಟಾಕೀಸುಗಳಿಗೆ ಬೋರ್ಡು ಬರೆದು ಜೀವನ ನಡೆಸುತ್ತಿದ್ದ ಅವರು, ಹೇಳಿಕೊಡುವವರು ಯಾರೂ ಇಲ್ಲದೆ, ಬರೆದ ಚಿತ್ರವನ್ನು ನಡೆಸುವ ವಿದ್ಯೆಯನ್ನು ತಾವೇ ಕಂಡುಕೊಂಡವರು. ಮಂಡಕ್ಕಿ ಭಟ್ಟಿಯ ಎದುರು ಗಂಟೆಗಟ್ಟಲೆ ಕೂರುತ್ತಿದ್ದರು. ಏನು ನೋಡುತ್ತೀರೆಂದು ಒಮ್ಮೆ ಕೇಳಿದ್ದೆ. "ಕಾಳು ಹಾರೋಕೆ ಮೊದ್ಲು ಒಂಚೂರು ಕುಂದುರ್ತೈತೆ ನೋಡ್ರಿ. ಹಾರೋದು ಎಲ್ರಿಗೂ ಕಾಣ್ತೈತೆ. ನಾ ಆ ಕುಂದ್ರೋದನ್ನ ಬರೀಬೇಕು" ಅಂದಿದ್ದರು. ಹರಿಹರದ ಲೇತ್ ಕೆಲಸಗಾರ ಗೆಳೆಯನೊಬ್ಬ ಕಡೆದುಕೊಟ್ಟ ಎರಡು ಕಬ್ಬಿಣದ ಗೂಟಗಳನ್ನು ಹಲಗೆಗೆ ಹೊಡೆದು, ಹಾಳೆಗಳು ಕೂದಲೆಳೆಯಷ್ಟೂ ಜರುಗದಂತೆ ಅವಕ್ಕೆ ಸಿಕ್ಕಿಸಿ ಬರೆಯುತ್ತಿದ್ದರು. ಕೆಳಗಿನ ಹಾಳೆಯ ಗೆರೆ ಮೇಲಿನದರಲ್ಲಿ ಕಾಣಲೆಂದು ಹಾಳೆಗಳಡಿ ಗಾಜು, ಗಾಜಿನಡಿ ಒಂದು ಬಲ್ಬು. ಅವರ ಮಂಡಕ್ಕಿ ಕಾಳುಗಳು ಫಿಲ್ಮಿಗೇರಿ ಇಂಟರ್‌ವಲ್‌ನಲ್ಲಿ ಪರದೆಯ ಮೇಲೆ ಅರ್ಧ ನಿಮಿಷ ಕುಣಿದಾಗ ಸೀಟಿ ಬಿದ್ದದ್ದನ್ನು ನಾನೇ ಕೇಳಿದ್ದೇನೆ. ಈ ಸೀಮೆಯ ಮೊದಲ ಆನಿಮೇಷನ್ ಕಲಾವಿದ ಅವರೇ ಎಂದು ಬರೆಯಲು ನನ್ನಲ್ಲಿ ದಾಖಲೆಯಿಲ್ಲ. ಅವರಿಗಿಂತ ಹಿಂದಿನವರ ಹೆಸರು ನಾನು ಕೇಳಿಲ್ಲ ಎಂದಷ್ಟೇ ಬರೆಯಬಲ್ಲೆ.

ಅದನ್ನೂ ಬರೆಯಲಿಲ್ಲ. ಹೋದ ವರ್ಷ ಅವರು ತೀರಿಕೊಂಡಾಗ ನಮ್ಮ ಪತ್ರಿಕೆಯಲ್ಲಿ ಬಂದದ್ದು ಮೂರು ಸಾಲು. 'ಬೋರ್ಡ್ ಪೇಂಟರ್' ಎಂಬ ಪದ ನನ್ನದೇ.

"ಈ ಕಾಗ್ದ ಯಾರು ಕೊಟ್ರು ಮಲ್ಲಣ್ಣ?"

"ನಿಟ್ಟುವಳ್ಳಿ ನೂರಜಾನಕ್ಕ. ಯಾಕ್ರಿ, ಕಾಗ್ದಕ್ಕೆ ಉಪ್ಪು ಕಡಿಮಿ ಆಗೈತೇನು?"

"ಇನ್ನ ಒಂದೂ ಹರೀಬ್ಯಾಡ. ಉಳಿದಿದ್ದು ಕೊಡು."

"ಮತ್ತೆ ಮಿರ್ಚಿ ಯಾತ್ರಾಗೆ ಕಟ್ಲಿ, ನಿಮ್ ಪೇಪರ್‌ನಾಗಾ?"

ಅದರಲ್ಲೇ ಕಟ್ಟು ಎಂದು ಚೀಲದಲ್ಲಿದ್ದ ಒಂದು ವಾರದ ಪತ್ರಿಕೆಗಳನ್ನು ಕೊಟ್ಟೆ. ನನ್ನ ವೃತ್ತಿಜೀವನದ ನ್ಯಾಯವಾದ ವಿನಿಮಯಗಳಲ್ಲಿ ಅದೂ ಒಂದು.

ನೂರಜಾನ್ ಖಾದರ್ ಸಾಬರ ಮಗಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಉಳಿದ ಹಾಳೆಗಳ ಕಟ್ಟು ಹಿಡಿದು ನಾನು ಮನೆಗೆ ಹೋದಾಗ ಅವರಿಗೆ ಆಶ್ಚರ್ಯವಾಯಿತು. "ನಮ್ ಅಬ್ಬಾ ಒಂದೇ ಚಿತ್ರಾನ ನೂರು ಸಲ ಬರ್ದಾರಲ್ರಿ! ಚಂದದ್ದು ಒಂದು ಆರಿಸಿ ಫ್ರೇಮ್ ಹಾಕ್ಸೀನಿ, ಅಲ್ನೋಡ್ರಿ. ಉಳಿದಿದ್ದು ಗೆದ್ಲು ತಿನ್ನೋ ಬದ್ಲು ಯಾರಿಗಾದ್ರೂ ಆಗ್ಲಿ ಅಂತ ಕೊಟ್ಟೆ."

ಅವರನ್ನು ತಪ್ಪೆನ್ನುವುದು ಹೇಗೆ? ಒಂದು ಚೂರು ಬಟ್ಟೆಯನ್ನೂ ಎಸೆಯದ ಮನೆಯದು. ನೂರರಲ್ಲಿ ಒಂದನ್ನು ಆರಿಸಿ ಗೋಡೆಗೇರಿಸುವುದನ್ನೇ ನಾವೆಲ್ಲ ಗೌರವ ಎಂದುಕೊಂಡಿದ್ದೇವೆ. ಮೂರು ಸಾಲಿನಲ್ಲಿ ಒಂದು ಬದುಕನ್ನು ಮುಗಿಸುವಾಗ ನಾನು ಮಾಡುವುದೂ ಅದನ್ನೇ.

ಹೊಲಿಗೆ ಮೇಜಿನ ಮೇಲೆ ಹಾಳೆಗಳನ್ನು ಅಂಕಿಯ ಪ್ರಕಾರ ಜೋಡಿಸಿದೆ. ಅಲ್ಲಲ್ಲಿ ಕೆಲವು ಇಲ್ಲ; ಅವು ಊರಿನ ಹೊಟ್ಟೆ ಸೇರಿದ ಮಂಡಕ್ಕಿಯ ಜೊತೆಗೇ ಹೋದವು, ಮರಳುವುದಿಲ್ಲ. ಅಂಚು ಹಿಡಿದು ಹೆಬ್ಬೆರಳಿನಿಂದ ಸರ್ರನೆ ಬಿಟ್ಟೆ. ಹೆಂಗಸು ಬಗ್ಗಿದಳು, ಬಟ್ಟೆ ಹಿಂಡಿದಳು, ಕೈ ಎತ್ತಿದಳು, ಅಲ್ಲಿ ಸಟ್ಟನೆ ಜಿಗಿದು ಬಟ್ಟೆಯನ್ನು ಕಲ್ಲಿಗೆ ಬಡಿದಳು.

"ತಡೀರಿ" ಅಂದರು ನೂರಜಾನ್. "ಎತ್ತಿದ ಕೈ ಎಲ್ಲಿಗೆ ಹೋತು?"

ಮತ್ತೆ ಬಿಟ್ಟೆ. ಮತ್ತದೇ ಜಿಗಿತ. ಅವರು ಎದ್ದು, ಗೋಡೆಯ ಫ್ರೇಮು ಇಳಿಸಿ, ಕತ್ತರಿಯ ತುದಿಯಿಂದ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಹಾಳೆಯ ಮೂಲೆಯಲ್ಲಿ ೪೮ ಎಂದಿತ್ತು. ನಾನು ಬೇರೆ ಇಟ್ಟಿದ್ದ ನಲವತ್ತೇಳರ ಎಣ್ಣೆಕಾಗದವನ್ನು ಅದರ ಮೇಲಿಟ್ಟು, ಎರಡನ್ನೂ ಕಟ್ಟಿಗೆ ಸೇರಿಸಿ, ಈ ಸಲ ಅವರೇ ಬಿಟ್ಟರು. ಎತ್ತಿದ ಕೈ ಈಗ ಹಣೆಗೆ ಹೋಯಿತು. ಒದ್ದೆ ಬೆರಳು ತಾಗದಂತೆ, ಮಣಿಕಟ್ಟಿನ ಹಿಂಬದಿಯಿಂದ ಕೂದಲನ್ನು ಹಿಂದೆ ತಳ್ಳಿತು.

"ಅಮ್ಮಿ" ಅಂದರು. "ನಮ್ ತಾಯಿ, ನಂಗೆ ಒಂಬತ್ತು ವರ್ಷ ಇದ್ದಾಗ ತೀರ್ಕೊಂಡ್ಲು. ಹರಿಹರದ ಹೊಳೆಯಾಗೆ ಕೌದಿ ಒಗಿಯೋವಾಗ ಅಬ್ಬಾ ಮೆಟ್ಲ ಮೇಲೆ ಸುಮ್ನೆ ಕುಂತಿರ್ತಿದ್ರು. ಹಿಂಡೋಕೆ ಒಂದು ಕೈ ಹಚ್ಚಬಾರದಾ ಅಂತ ಬೈಯ್ತಿದ್ಲು" ಎಂದರು.

ಮನೆಯಲ್ಲಿ ಆಕೆಯ ಒಂದೇ ಒಂದು ಫೋಟೊ ಇದೆ, ಸ್ಟುಡಿಯೋದಲ್ಲಿ ಸೆಟೆದು ನಿಂತದ್ದು. ಅದರಲ್ಲಿ ಮುಖವಿದೆ. ಒಂದೊಂದು ಹಾಳೆಯಲ್ಲಿ ಮುಖವೂ ಇಲ್ಲ, ಯಾರೋ ಒಬ್ಬ ಹೆಂಗಸು. ಹಾಳೆಗಳು ಓಡಿದಾಗ ಮಾತ್ರ ಆಕೆ. ಸುಮ್ಮನೆ ಕುಳಿತಿದ್ದ ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದನೆಂದು ನನಗೂ ಆಗಲೇ ತಿಳಿದದ್ದು. ಮರುದಿನದ ಪತ್ರಿಕೆಗೆ ತಿದ್ದುಪಡಿಯನ್ನು ಮನಸ್ಸಿನಲ್ಲೇ ಬರೆದುಕೊಂಡೆ. ಅದು ಮೂರು ಸಾಲಿಗೆ ನಿಲ್ಲಲಿಲ್ಲ.

ಎಣ್ಣೆಯ ಹಾಳೆಯನ್ನು ಕಲೆ ತಾಗದಂತೆ ಬೇರೆ ಇಡೋಣವೇ ಎಂದು ಕೇಳಿದೆ. ನೂರಜಾನ್ ಅದನ್ನು ನಲವತ್ತೆಂಟರ ಮೇಲೆ ತೂತಿಗೆ ತೂತು ಕೂಡುವಂತೆ ಹೊಂದಿಸುತ್ತಿದ್ದರು. ಎಣ್ಣೆ ಇಳಿದ ಕಡೆ ಕಾಗದ ಗಾಜಿನಂತಾಗಿತ್ತು. ಎತ್ತಿದ ತೋಳಿನೊಳಗಿಂದ, ಹಣೆ ಮುಟ್ಟಿದ ಮುಂದಿನ ಹಾಳೆಯ ತೋಳು ಕಾಣುತ್ತಿತ್ತು.

"ಬ್ಯಾಡ್ರಿ" ಅಂದರು. "ಇಲ್ಲೇ ಇರ್ಲಿ."